ಕಿಡ್ನಿ ಸ್ಲೈಡ್ ಓದುವುದು ಹೇಗೆ: ನೋಟ ಮೊದಲು, ಹೆಸರು ಕೊನೆಗೆ

ಕಿಡ್ನಿ ಬಯಾಪ್ಸಿ ಸ್ಲೈಡ್ ಕೈಗೆ ಬಂದ ಕೂಡಲೇ ಹೊಸಬರು ಮಾಡುವುದು ಒಂದೇ ಕೆಲಸ. ಸೀದಾ 40ರ ಲೆನ್ಸ್ ತಿರುಗಿಸಿ, ಸಿಕ್ಕ ಮೊದಲ ಗ್ಲೊಮೆರುಲಸ್ (ರಕ್ತ ಸೋಸುವ ಸಣ್ಣ ರಕ್ತನಾಳಗಳ ಉಂಡೆ) ಮೇಲೆ ಕಣ್ಣು ನೆಟ್ಟು, ಎರಡೇ ನಿಮಿಷದಲ್ಲಿ ಕಾಯಿಲೆಯ ಹೆಸರು ಹೇಳಲು ಹೊರಡುವುದು. ನಾನೂ ಹಾಗೇ ಶುರು ಮಾಡಿದ್ದು. ಎಷ್ಟೋ ಸಲ ಹೆಸರು ಸರಿಯಾಗೇ ಇರುತ್ತಿತ್ತು, ಅದೇ ತೊಂದರೆ. ಸರಿ ಬಂದಷ್ಟೂ ಧೈರ್ಯ ಜಾಸ್ತಿ ಆಗುತ್ತದೆ, ನೋಡುವುದು ಕಮ್ಮಿ ಆಗುತ್ತದೆ.

ಏಟು ತಿಂದ ಕಿಡ್ನಿ ತೋರಿಸುವ ಮುಖಗಳು ಕೆಲವೇ ಕೆಲವು. ಕಾಯಿಲೆಗಳು ಮಾತ್ರ ನೂರಾರು. ಹಾಗಾಗಿ ಒಂದೇ ಪ್ಯಾಟರ್ನ್ ಹಿಂದೆ ಐದಾರು ಕಾಯಿಲೆ ಇರಬಹುದು. ಲೂಪಸ್‌ನಂಥ ಒಂದೇ ಕಾಯಿಲೆ ಐದಾರು ಪ್ಯಾಟರ್ನ್ ಹಾಕಿಕೊಂಡು ಬರಬಹುದು. ಪ್ಯಾಟರ್ನ್ ಅಂದರೆ ಕಾಯಿಲೆಯ ಹೆಸರಲ್ಲ. ಗೆಡ್ಡೆಗಳಲ್ಲೂ ಕಥೆ ಇದೇ. ಮೈಕ್ರೋಸ್ಕೋಪಿನ ಮುಂದೆ ಹೊಸದಾಗಿ ಕೂತವರಿಗೆ, ಲ್ಯಾಬಿನಲ್ಲಿ ಸ್ಲೈಡ್ ತಯಾರಿಸುವವರಿಗೆ, ರಿಪೋರ್ಟಿನಲ್ಲಿ ಬರುವ ಮಾತುಗಳು ಎಲ್ಲಿಂದ ಬರುತ್ತವೆ ಅಂತ ತಿಳಿಯಬೇಕು ಅನ್ನುವವರಿಗೆ ಈ ಬರಹ.

ಮೊದಲ ಹೆಜ್ಜೆ: ತುಂಡು ಸಾಕೇ?

1951ರಲ್ಲಿ ಇವರ್ಸನ್ ಮತ್ತು ಬ್ರುನ್ ಎಂಬ ಡೆನ್ಮಾರ್ಕಿನ ವೈದ್ಯರು ಸೂಜಿಯಿಂದ ಕಿಡ್ನಿ ತುಂಡು ತೆಗೆದ ಅನುಭವ ಪ್ರಕಟಿಸಿದರು. ಈ ಪರೀಕ್ಷೆ ಜಗತ್ತಿಗೆ ಹರಡಿದ್ದು ಅಲ್ಲಿಂದಲೇ. ಈಗ ಸಾಮಾನ್ಯವಾಗಿ 16 ಅಥವಾ 18 ಗೇಜ್ ಸೂಜಿಯಲ್ಲಿ ಎರಡು ಕೋರ್ ತೆಗೆಯುತ್ತಾರೆ. ಶಾವಿಗೆ ಎಳೆಯಷ್ಟು ದಪ್ಪದ ಆ ಎರಡು ತುಂಡಿನಲ್ಲಿ ಏನು ಸಿಕ್ಕಿದೆ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ತುಂಡು ತೆಗೆದಾಗ ಲ್ಯಾಬಿನವರೊಬ್ಬರು ಪಕ್ಕದಲ್ಲಿದ್ದರೆ ಒಳ್ಳೆಯದು. ಒಂದು ಹನಿ ಸಲೈನ್ ಮೇಲಿಟ್ಟು ಕಡಿಮೆ ಪವರಿನಲ್ಲಿ ನೋಡಿ. ಕಾರ್ಟೆಕ್ಸ್, ಅಂದರೆ ಕಿಡ್ನಿಯ ಹೊರಪದರ, ಸಿಕ್ಕಿದ್ದರೆ ಅಲ್ಲಲ್ಲಿ ಕೆಂಪು ಚುಕ್ಕೆಗಳು ಕಾಣುತ್ತವೆ. ಅವೇ ಗ್ಲೊಮೆರುಲಸ್‌ಗಳು, ಒಂದೊಂದೂ ಸುಮಾರು 0.2 ಮಿ.ಮೀ ಅಗಲ. ಚುಕ್ಕೆ ಇಲ್ಲದೆ ಬರೀ ಉದ್ದುದ್ದ ಗೆರೆ ಕಂಡರೆ ಅದು ಮೆಡುಲ್ಲಾ, ಅಂದರೆ ಒಳಭಾಗ. ಆಗಲೇ ಹೇಳಿಬಿಡಿ, ಇನ್ನೊಂದು ಕೋರ್ ಬೇಕು ಅಂತ. ಮೂರು ದಿನ ಆದಮೇಲೆ ಹೇಳಿದರೆ ಪಾಪ, ರೋಗಿ ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕು.

ಎಷ್ಟು ಗ್ಲೊಮೆರುಲಸ್ ಸಿಕ್ಕರೆ ಸಾಕು? ಒಂದು ಸಣ್ಣ ಲೆಕ್ಕ ಮಾಡೋಣ. ಒಬ್ಬರ ಕಿಡ್ನಿಯಲ್ಲಿ 100ಕ್ಕೆ 10 ಗ್ಲೊಮೆರುಲಸ್‌ಗಳಲ್ಲಿ ಮಾತ್ರ ಗಾಯದ ಕಲೆ ಇದೆ ಅಂದುಕೊಳ್ಳಿ. ನಿಮ್ಮ ತುಂಡಿನಲ್ಲಿ 10 ಗ್ಲೊಮೆರುಲಸ್ ಬಂದಿದ್ದರೆ, ಅವುಗಳಲ್ಲಿ ಒಂದೂ ಕಲೆ ಇಲ್ಲದೆ ಇರುವ ಸಾಧ್ಯತೆ ಸುಮಾರು ಶೇ. 35. 20 ಬಂದಿದ್ದರೆ ಶೇ. 12ಕ್ಕೆ ಇಳಿಯುತ್ತದೆ. ಅಂದರೆ 10 ಗ್ಲೊಮೆರುಲಸ್ ಇಟ್ಟುಕೊಂಡು "ಎಫ್‌ಎಸ್‌ಜಿಎಸ್ ಇಲ್ಲ" (ಹೀಗೆ ಕೆಲವು ಗ್ಲೊಮೆರುಲಸ್‌ಗಳಲ್ಲಿ ಮಾತ್ರ ಕಲೆ ಬೀಳುವುದಕ್ಕೆ ಆ ಹೆಸರು) ಅಂತ ಬರೆದರೆ, ಮೂರರಲ್ಲಿ ಒಂದು ಸಲ ತಪ್ಪಬಹುದು. ಅದೇ, ಎಲ್ಲ ಗ್ಲೊಮೆರುಲಸ್‌ಗಳನ್ನೂ ಹಿಡಿದು ಅವುಗಳ ಗೋಡೆ ದಪ್ಪ ಮಾಡುವ ಮೆಂಬ್ರೇನಸ್ ಆದರೆ ಒಂದೇ ಒಂದು ಗ್ಲೊಮೆರುಲಸ್ ಸಾಕು. "ತುಂಡು ಸಾಕೇ" ಅನ್ನುವ ಪ್ರಶ್ನೆಗೆ ಉತ್ತರ, ನೀವು ಏನು ಹುಡುಕುತ್ತಿದ್ದೀರಿ ಅನ್ನುವುದರಲ್ಲಿದೆ. ಕಸಿ ಮಾಡಿದ ಕಿಡ್ನಿಗೆ ಬ್ಯಾನ್ಫ್ ಎಂಬ ಅಂತರರಾಷ್ಟ್ರೀಯ ನಿಯಮ ಬೇರೆ ಇದೆ: 10 ಗ್ಲೊಮೆರುಲಸ್, 2 ಅಪಧಮನಿ.

ತುಂಡನ್ನು ಮೂರು ಪಾಲು ಮಾಡಬೇಕು. ತುದಿಯಿಂದ 1 ಮಿ.ಮೀ ಚೂರುಗಳು ಗ್ಲುಟರಾಲ್ಡಿಹೈಡ್‌ಗೆ, ಇವು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ, ಅಂದರೆ ನಾವು ಹೇಳುವ ಇ.ಎಂ.ಗೆ. ಒಂದು ಪಾಲು ಮಿಶೆಲ್ ದ್ರಾವಣಕ್ಕೆ, ಇದು ಕೂತಿರುವ ಆಂಟಿಬಾಡಿಗಳನ್ನು ಹೊಳೆಯುವ ಬಣ್ಣದಲ್ಲಿ ತೋರಿಸುವ ಇಮ್ಯುನೋಫ್ಲೋರೆಸೆನ್ಸ್‌ಗೆ, ಅಂದರೆ ಐ.ಎಫ್.ಗೆ. ಉಳಿದದ್ದು ಫಾರ್ಮಲಿನ್‌ಗೆ. ಎಲ್ಲವನ್ನೂ ಸುಮ್ನೆ ಫಾರ್ಮಲಿನ್ ಡಬ್ಬಿಗೆ ಹಾಕಿ ಕಳಿಸಿದ ಕೇಸುಗಳು ನನಗೆ ಲೆಕ್ಕವಿಲ್ಲದಷ್ಟು ಬಂದಿವೆ. ಅದರಿಂದಲೂ ಏನೋ ಒಂದು ಕೆಲಸ ತೆಗೆಯಬಹುದು, ಆದರೆ ಹಳಸಿದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದ ಹಾಗೆ. ಇನ್ನೊಂದು ಮಾತು: ತುಂಡನ್ನು ಚಿಮಟದಲ್ಲಿ ಹಿಸುಕಬೇಡಿ, ಒಣ ಹತ್ತಿಯ ಮೇಲೆ ಇಡಬೇಡಿ.

ಎರಡನೇ ಹೆಜ್ಜೆ: 4ರ ಲೆನ್ಸಿನಲ್ಲಿ ಐದು ನಿಮಿಷ

ಕಿಡ್ನಿಗೆ 2ರಿಂದ 3 ಮೈಕ್ರಾನ್ ತೆಳ್ಳಗೆ ಕೊಯ್ಯಬೇಕು. ಬೇರೆ ಟಿಶ್ಯೂಗೆ ನಡೆಯುವ 5 ಮೈಕ್ರಾನ್ ಇಲ್ಲಿ ಮೋಸ ಮಾಡುತ್ತದೆ. ದಪ್ಪ ಸೆಕ್ಷನ್ನಿನಲ್ಲಿ ಎಲ್ಲ ಗ್ಲೊಮೆರುಲಸ್ಸೂ ಕೋಶ ತುಂಬಿದ ಹಾಗೇ ಕಾಣುತ್ತದೆ. ಅಮೈಲಾಯ್ಡ್ ಎಂಬ ಪ್ರೋಟೀನ್ ಶೇಖರಣೆಯನ್ನು ಹುಡುಕುವ ಕಾಂಗೋ ರೆಡ್ ಬಣ್ಣ ಮಾತ್ರ ಉಲ್ಟಾ. ಅದಕ್ಕೆ 8ರಿಂದ 10 ಮೈಕ್ರಾನ್ ಬೇಕು. ತೆಳ್ಳಗಾದರೆ ಅಮೈಲಾಯ್ಡ್ ಸ್ವಲ್ಪವೇ ಇದ್ದಾಗ ಕಣ್ಣಿಗೆ ಬೀಳುವುದಿಲ್ಲ.

ಬಣ್ಣಗಳು ಕನಿಷ್ಠ ನಾಲ್ಕು: ಎಚ್ ಅಂಡ್ ಇ, ಪಿಎಎಸ್, ಸಿಲ್ವರ್, ಟ್ರೈಕ್ರೋಮ್. ನಾನು ಮೊದಲು ಎತ್ತಿಕೊಳ್ಳುವುದು ಪಿಎಎಸ್. ಪೊರೆಗಳೆಲ್ಲ ಗುಲಾಬಿ ಗೆರೆಯಲ್ಲಿ ಬಿಡಿಸಿದ ಹಾಗೆ ಕಾಣುತ್ತವೆ, ಯಾವ ಕೋಶ ಯಾವ ಕಡೆ ಇದೆ ಅಂತ ಗೊತ್ತಾಗುತ್ತದೆ.

4ರ ಲೆನ್ಸಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಸರಳ. ಕಾರ್ಟೆಕ್ಸ್ ಎಷ್ಟು? ನಳಿಕೆಗಳು (ಸೋಸಿದ ನೀರು ಹರಿಯುವ ಕೊಳವೆಗಳು) ಬೆನ್ನಿಗೆ ಬೆನ್ನು ಹಚ್ಚಿ ನಿಂತಿವೆಯೇ, ನಡುವೆ ಜಾಗ ಬಿಟ್ಟಿವೆಯೇ? ಬಿಟ್ಟಿದ್ದರೆ ಆ ಜಾಗದಲ್ಲಿ ನೀರಿದೆಯೋ, ಕೋಶಗಳಿವೆಯೋ, ನಾರು ಬೆಳೆದಿದೆಯೋ? ಟ್ರೈಕ್ರೋಮ್‌ನಲ್ಲಿ ನಾರು ನೀಲಿಯಾಗಿ ಎದ್ದು ಕಾಣುತ್ತದೆ. ಕಾರ್ಟೆಕ್ಸಿನ ಶೇಕಡ ಎಷ್ಟು ಭಾಗ ಹೀಗಾಗಿದೆ ಅಂತ ಅಲ್ಲೇ ಒಂದು ಚೀಟಿಯಲ್ಲಿ ಬರೆದಿಡಿ. ಈ ಕಿಡ್ನಿ ಮುಂದೆ ಎಷ್ಟು ದಿನ ಎಳೆಯುತ್ತದೆ ಅಂತ ಹೇಳುವುದರಲ್ಲಿ, ಕಾಯಿಲೆಯ ಹೆಸರಿನಷ್ಟೇ ತೂಕ ಈ ಅಂಕಿಗೂ ಇದೆ.

ಆಮೇಲೆ ಎಣಿಕೆ. ಒಟ್ಟು ಗ್ಲೊಮೆರುಲಸ್ ಎಷ್ಟು, ಪೂರ್ತಿ ಗಟ್ಟಿಯಾಗಿ ಸತ್ತವು ಎಷ್ಟು. ವಯಸ್ಸಾದಂತೆ ಕೆಲವು ತಾವಾಗಿಯೇ ಸಾಯುತ್ತವೆ. ಹಳೆಯದೊಂದು ಅಂದಾಜು ಸೂತ್ರ ಇದೆ: ವಯಸ್ಸಿನ ಅರ್ಧದಿಂದ 10 ಕಳೆಯಿರಿ. 60ರ ವ್ಯಕ್ತಿಗೆ ಶೇ. 20ರ ತನಕ ಸತ್ತಿದ್ದರೆ ಗಾಬರಿ ಬೇಡ. 25ರ ಹುಡುಗನಲ್ಲಿ ಅಷ್ಟೇ ಕಂಡರೆ ಏನೋ ನಡೆದಿದೆ.

ಇಲ್ಲೇ ನಾಲ್ಕು ಪದ ತಲೆಯಲ್ಲಿ ಗಟ್ಟಿ ಮಾಡಿಕೊಳ್ಳಿ, ರಿಪೋರ್ಟ್ ತುಂಬ ಇವೇ ಇರುತ್ತವೆ. ಅರ್ಧಕ್ಕಿಂತ ಕಮ್ಮಿ ಗ್ಲೊಮೆರುಲಸ್‌ಗಳಲ್ಲಿ ಇದ್ದರೆ ಫೋಕಲ್. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಡಿಫ್ಯೂಸ್. ಒಂದು ಗ್ಲೊಮೆರುಲಸ್ಸಿನ ಒಂದು ಮೂಲೆಯಲ್ಲಿ ಮಾತ್ರ ಇದ್ದರೆ ಸೆಗ್ಮೆಂಟಲ್. ಪೂರ್ತಿ ಇದ್ದರೆ ಗ್ಲೋಬಲ್.

ಮೂರನೇ ಹೆಜ್ಜೆ: ಹೆಚ್ಚುವರಿ ಕೋಶ ಎಲ್ಲಿ ಕೂತಿದೆ?

ಈಗ 40ರ ಲೆನ್ಸ್. ಚೆನ್ನಾಗಿರುವ ಗ್ಲೊಮೆರುಲಸ್ ಹೇಗಿರುತ್ತದೆ ಅಂತ ಮೊದಲು ಕಣ್ಣಿಗೆ ಅಭ್ಯಾಸ ಆಗಬೇಕು. ಸುರುಳಿಗಳು ತೆರೆದಿರುತ್ತವೆ. ಗೋಡೆ ಚೂಪು ಪೆನ್ಸಿಲಿನಲ್ಲಿ ಎಳೆದ ಗೆರೆಯಷ್ಟು ತೆಳ್ಳಗೆ. ಸುರುಳಿಗಳನ್ನು ಹಿಡಿದಿಡುವ ನಡುವಿನ ಮೆಸಾಂಜಿಯಂನಲ್ಲಿ ಒಂದೊಂದು ಕಡೆ ಮೂರು ಕೋಶದ ತನಕ ಇರಬಹುದು, ನಾಲ್ಕು ಅಥವಾ ಜಾಸ್ತಿ ಇದ್ದರೆ ಹೆಚ್ಚಾಗಿದೆ ಅಂತ ಲೆಕ್ಕ.

ಕೋಶ ಜಾಸ್ತಿ ಇದೆ ಅನಿಸಿತೇ? ಹೆಸರು ಬೇಡ, ಜಾಗ ಹೇಳಿ. ಮೂರೇ ಜಾಗ ಇರುವುದು.

ಮೆಸಾಂಜಿಯಂನಲ್ಲಿ ಇದ್ದರೆ, ಅಲ್ಲಿ ಐಜಿಎ ಆಂಟಿಬಾಡಿ ಕೂರುವ ಐಜಿಎ ನೆಫ್ರೋಪಥಿ ಮೊದಲು ನೆನಪಿಗೆ ಬರಬೇಕು. 1968ರಲ್ಲಿ ಬರ್ಜೆ ಮತ್ತು ಆಂಗ್ಲೇ ಎಂಬ ಫ್ರೆಂಚ್ ವೈದ್ಯರು ಇದನ್ನು ಗುರುತಿಸಿದ್ದು ಮಾಮೂಲಿ ಬಣ್ಣದಲ್ಲಲ್ಲ, ಐ.ಎಫ್.ನಲ್ಲಿ. ಇವತ್ತಿಗೂ ಐ.ಎಫ್. ಇಲ್ಲದೆ ಈ ಹೆಸರು ಹೇಳಲು ಆಗುವುದಿಲ್ಲ.

ರಕ್ತ ಹರಿಯುವ ಸುರುಳಿಯ ಒಳಗೇ ಕೋಶ ತುಂಬಿ ದಾರಿ ಮುಚ್ಚಿದ್ದರೆ ಅದು ಎಂಡೋಕ್ಯಾಪಿಲರಿ. ಗಂಟಲು ಅಥವಾ ಚರ್ಮದ ಸೋಂಕಿನ ನಂತರ ಬರುವ ಉರಿಯೂತ, ಲೂಪಸ್ ಎರಡೂ ಹೀಗೆ ತೋರುತ್ತವೆ. ಸೋಂಕಿನದಾದರೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಧಾರಾಳ.

ಮೂರನೆಯದು ಸುರುಳಿಯ ಹೊರಗೆ, ಬೋಮನ್ ಜಾಗದಲ್ಲಿ. ಇದೇ ಕ್ರೆಸೆಂಟ್, ಬಿದಿಗೆ ಚಂದ್ರನ ಆಕಾರ. ಕ್ರೆಸೆಂಟ್ ಕಂಡರೆ ಎರಡು ಕೆಲಸ ಮಾಡಿ. ಅದು ಹಸಿ ಕೋಶದ್ದೋ, ನಾರು ಕಟ್ಟಿದ ಹಳೆಯದೋ ನೋಡಿ. ಆಮೇಲೆ ರೋಗಿಯ ವೈದ್ಯರಿಗೆ ಫೋನ್ ಮಾಡಿ. ಹಸಿ ಕ್ರೆಸೆಂಟ್ ಇರುವ ಕಿಡ್ನಿಗೆ ಒಂದೊಂದು ದಿನವೂ ಲೆಕ್ಕ, ಟೈಪ್ ಆಗಿ ಸಹಿ ಬೀಳುವ ತನಕ ಅದು ಕಾಯುವುದಿಲ್ಲ.

ಕೋಶ ಹೇಗೇ ಇರಲಿ, ಗೋಡೆ ದಪ್ಪ ಇದೆ ಅಂದರೆ ಸಿಲ್ವರ್ ಸ್ಲೈಡ್ ತೆಗೆದುಕೊಳ್ಳಿ, ಎಣ್ಣೆ ಹಾಕಿ 100ರ ಲೆನ್ಸಿನಲ್ಲಿ ನೋಡಿ. ಗೋಡೆಯ ಹೊರಗೆ ಬಾಚಣಿಗೆ ಹಲ್ಲಿನಂತೆ ಸಣ್ಣ ಮೊಳೆಗಳು ಎದ್ದಿದ್ದರೆ ಮೆಂಬ್ರೇನಸ್. ಗೋಡೆ ರೈಲು ಹಳಿಯಂತೆ ಎರಡೆರಡು ಗೆರೆಯಾಗಿದ್ದರೆ ಮೆಂಬ್ರೇನೋಪ್ರೊಲಿಫರೇಟಿವ್, ಚಿಕ್ಕದಾಗಿ ಎಂಪಿಜಿಎನ್. ಇದು ನಿಜಕ್ಕೂ ಬರೀ ಪ್ಯಾಟರ್ನ್. ಹೆಪಟೈಟಿಸ್ ಸಿ, ಲೂಪಸ್, ರಕ್ತದಲ್ಲಿ ಒಂದೇ ತರಹದ ಆಂಟಿಬಾಡಿ ಹೆಚ್ಚಾಗುವುದು, ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ರಕ್ಷಣಾ ವ್ಯವಸ್ಥೆ ಹದ ತಪ್ಪುವುದು, ಸಣ್ಣ ರಕ್ತನಾಳಗಳ ಒಳಪದರ ಹಾಳಾಗುವ ಟಿಎಂಎ, ಇಷ್ಟೂ ಇದೇ ವೇಷದಲ್ಲಿ ಬರುತ್ತವೆ. ರಿಪೋರ್ಟಿನಲ್ಲಿ ಬರೀ "ಎಂಪಿಜಿಎನ್" ಅಂತ ಬರೆದು ಮುಗಿಸಿದರೆ, ಜ್ವರ ಬಂದವರಿಗೆ "ನಿಮಗೆ ಮೈ ಬಿಸಿ" ಅಂತ ಹೇಳಿ ಕಳಿಸಿದ ಹಾಗೆ.

ಮೆಂಬ್ರೇನಸ್‌ನಲ್ಲೂ ಅಷ್ಟಕ್ಕೇ ನಿಲ್ಲುವ ಕಾಲ ಹೋಯಿತು. 2009ರಲ್ಲಿ, ಈ ಕಾಯಿಲೆಯ ಆಂಟಿಬಾಡಿಗಳು ಗುರಿಯಿಡುವ ಪಿಎಲ್‌ಎ2ಆರ್ ಎಂಬ ಪ್ರೋಟೀನ್ ಸಿಕ್ಕಮೇಲೆ, ಅದಕ್ಕೆ ಬಣ್ಣ ಹಾಕಿಸಿ ನೋಡುವುದು ಮಾಮೂಲಿಯಾಗಿದೆ. ಅದು ಪಾಸಿಟಿವ್ ಬರದಿದ್ದರೆ ಲೂಪಸ್, ಕ್ಯಾನ್ಸರ್, ಔಷಧಿ, ಸೋಂಕು ಅಂತ ಬೇರೆ ಕಾರಣ ಹುಡುಕುವುದು ಜಾಸ್ತಿ ಮುಖ್ಯವಾಗುತ್ತದೆ.

ಗಂಟು ಕಂಡದ್ದೆಲ್ಲ ಸಕ್ಕರೆ ಕಾಯಿಲೆಯಲ್ಲ

ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳಬೇಕು. ಕೋರಿಕೆ ಚೀಟಿಯಲ್ಲಿ "ಡಯಾಬಿಟಿಸ್, ಮೂತ್ರದಲ್ಲಿ ಪ್ರೋಟೀನ್" ಅಂತ ಬರೆದಿತ್ತು. ಸ್ಲೈಡಿನಲ್ಲಿ ಗ್ಲೊಮೆರುಲಸ್ ತುಂಬ ದುಂಡನೆ ಗುಲಾಬಿ ಗಂಟುಗಳು. 1936ರಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಬರೆದಿಟ್ಟ ಗಂಟುಗಳೇ ಇವು ಅಂತ ನಾನು ಒಳಗೊಳಗೇ ತೀರ್ಮಾನ ಮಾಡಿಯಾಗಿತ್ತು. ಡಯಾಬಿಟಿಸ್ ಅಂತ ಟೈಪಿಗೂ ಕೊಟ್ಟೆ.

ಐ.ಎಫ್. ಸ್ಲೈಡ್ ಮಧ್ಯಾಹ್ನ ಬಂತು. ಕತ್ತಲು ಕೋಣೆಯಲ್ಲಿ ಕೂತು ನೋಡಿದರೆ, ಆಂಟಿಬಾಡಿಯ ಕಪ್ಪಾ, ಲ್ಯಾಂಬ್ಡಾ ಎಂಬ ಎರಡು ಲೈಟ್ ಚೈನ್ ತುಣುಕುಗಳಲ್ಲಿ ಕಪ್ಪಾ ಹಸಿರಾಗಿ ಹೊಳೆಯುತ್ತಿದೆ, ಲ್ಯಾಂಬ್ಡಾ ಕಪ್ಪಗೆ ಬಿದ್ದಿದೆ. ಬರೀ ಗ್ಲೊಮೆರುಲಸ್ ಅಲ್ಲ, ಪ್ರತಿ ನಳಿಕೆಯ ಸುತ್ತಲೂ ಹಸಿರು ಉಂಗುರ. ಅದು ಲೈಟ್ ಚೈನ್ ಡಿಪೊಸಿಷನ್ ಕಾಯಿಲೆ. ಮೂಳೆ ಮಜ್ಜೆಯ ಪ್ಲಾಸ್ಮಾ ಕೋಶಗಳಿಂದ ಬರುವಂಥದ್ದು, ಚಿಕಿತ್ಸೆಯೇ ಬೇರೆ. ಆ ವ್ಯಕ್ತಿಗೆ ಡಯಾಬಿಟಿಸ್ ಇದ್ದದ್ದೂ ನಿಜ, ಕಿಡ್ನಿ ಹಾಳು ಮಾಡಿದ್ದು ಅದಲ್ಲ.

ತಿರುಗಿ ಸಿಲ್ವರ್ ಸ್ಲೈಡ್ ನೋಡಿದೆ. ಸುಳಿವು ಮೊದಲೇ ಅಲ್ಲಿತ್ತು. ಡಯಾಬಿಟಿಸ್ ಗಂಟು ಸಿಲ್ವರ್ ಹಿಡಿದು ಕಪ್ಪಾಗುತ್ತದೆ, ಒಂದು ಸಣ್ಣ, ಒಂದು ದೊಡ್ಡ ಅಂತ ಗಾತ್ರ ಏರುಪೇರು ಇರುತ್ತದೆ. ಲೈಟ್ ಚೈನ್ ಗಂಟುಗಳು ಹೆಚ್ಚುಕಮ್ಮಿ ಒಂದೇ ಅಳತೆ, ಸಿಲ್ವರ್ ಹಿಡಿಯುವುದು ಕಮ್ಮಿ. ಅಮೈಲಾಯ್ಡ್ ಆದರೆ ಸಿಲ್ವರ್ ಹಿಡಿಯುವುದೇ ಇಲ್ಲ, ಪಿಎಎಸ್‌ನಲ್ಲೂ ಪೇಲವ. ಕಾಂಗೋ ರೆಡ್ ಹಾಕಿ ಪೋಲರೈಸರ್ ತಿರುಗಿಸಿದಾಗ ಸೇಬಿನ ಹಸಿರು ಬಂದರೆ ಅದೇ. ಇನ್ನು, ತುಂಬ ವರ್ಷ ಸಿಗರೇಟು ಸೇದಿ ಬಿ.ಪಿ. ಇರುವವರಲ್ಲಿ ಡಯಾಬಿಟಿಸ್ ಇಲ್ಲದೆಯೂ ಡಯಾಬಿಟಿಸ್‌ನಂಥದ್ದೇ ಗಂಟು ಬರುವುದುಂಟು.

ಆವತ್ತಿನಿಂದ ಕೋರಿಕೆ ಚೀಟಿಯನ್ನು ಸ್ಲೈಡ್ ನೋಡಿದ ಮೇಲೆ ಓದುತ್ತೇನೆ. ಎಲ್ಲರೂ ಹೀಗೇ ಮಾಡಬೇಕು ಅಂತಲ್ಲ. ನನಗೆ ಇದು ಹೊಂದುತ್ತದೆ.

ನಾಲ್ಕನೇ ಹೆಜ್ಜೆ: ಐ.ಎಫ್. ಮತ್ತು ಇ.ಎಂ.

ಐ.ಎಫ್.ನಲ್ಲಿ ಯಾವುದು ಹೊಳೆಯುತ್ತಿದೆ, ಎಲ್ಲಿ, ಗೆರೆಯಂತೆಯೋ ರವೆಯಂತೆಯೋ, ಎಷ್ಟು ಜೋರು ಅಂತ ನೋಡಬೇಕು. ಐಜಿಜಿ ಗೋಡೆಯುದ್ದಕ್ಕೂ ರಿಬ್ಬನ್ನಿನಂತೆ ನಯವಾದ ಗೆರೆಯಾದರೆ, ಕ್ರೆಸೆಂಟ್‌ಗಳೂ ಇದ್ದರೆ, ಅದು ಆಂಟಿ ಜಿಬಿಎಂ, ಅಂದರೆ ಗ್ಲೊಮೆರುಲಸ್ ಪೊರೆಯ ಮೇಲೇ ಆಂಟಿಬಾಡಿ ತಿರುಗಿಬೀಳುವ ಕಾಯಿಲೆ. ಡಯಾಬಿಟಿಸ್‌ನಲ್ಲೂ ಇಂಥದ್ದೇ ಗೆರೆ ಬರುತ್ತದೆ, ಆದರೆ ಅಲ್ಲಿ ಆಲ್ಬುಮಿನ್ ಕೂಡ ಜೊತೆಗೇ ಹೊಳೆಯುತ್ತದೆ. ಆಂಟಿಬಾಡಿಗಳಾದ ಐಜಿಜಿ, ಐಜಿಎ, ಐಜಿಎಂ, ಕಾಂಪ್ಲಿಮೆಂಟಿನ ಸಿ3, ಸಿ1ಕ್ಯೂ ಐದೂ ಹೊಳೆದರೆ ನಾವು ಫುಲ್ ಹೌಸ್ ಅನ್ನುತ್ತೇವೆ, ಲೂಪಸ್ ಇರಬಹುದು ಅಂತ ಮನಸ್ಸು ಅತ್ತ ಹೋಗುತ್ತದೆ. ಸಿ3 ಒಂದೇ ಎದ್ದು ಕಂಡು ಉಳಿದವು ಇಲ್ಲವೆಂಬಷ್ಟು ಮಂಕಾಗಿದ್ದರೆ ಸಿ3 ಗ್ಲೊಮೆರುಲೋಪಥಿ ಮನಸ್ಸಿಗೆ ಬರಲಿ. ಕ್ರೆಸೆಂಟ್ ಇದೆ, ಐ.ಎಫ್.ನಲ್ಲಿ ಏನೂ ಇಲ್ಲ ಅಂದರೆ? ಆ "ಏನೂ ಇಲ್ಲ" ಅನ್ನುವುದೇ ಉತ್ತರ. ಸಣ್ಣ ರಕ್ತನಾಳಗಳ ಉರಿಯೂತ ಹುಡುಕುವ ಆಂಕಾ ರಕ್ತಪರೀಕ್ಷೆ ಮಾಡಿಸಲು ಹೇಳಿ.

ಇ.ಎಂ. ಎಲ್ಲ ಕಡೆ ಸಿಗುವುದಿಲ್ಲ. ಆದರೆ ಮಾಮೂಲಿ ಬಣ್ಣದಲ್ಲಿ ಎಲ್ಲವೂ ಸರಿ ಕಂಡು, ಮೂತ್ರದಲ್ಲಿ ಮಾತ್ರ ಪ್ರೋಟೀನ್ ಸುರಿಯುತ್ತಿದ್ದರೆ, ಗೋಡೆಯ ಹೊರಗೆ ಹೊದ್ದಿರುವ ಪೋಡೋಸೈಟ್ ಕೋಶಗಳ ಪಾದಗಳು ಚಪ್ಪಟೆಯಾಗಿವೆಯೇ ಅಂತ ತೋರಿಸುವುದು ಅದೊಂದೇ. ಪೊರೆ ಬುಟ್ಟಿ ಹೆಣೆದ ಹಾಗೆ ಸೀಳಿದ್ದರೆ ವಂಶದಲ್ಲಿ ಬರುವ ಆಲ್‌ಪೋರ್ಟ್ ಕಾಯಿಲೆ. ಎಳೆಗಳು ಕಂಡರೆ ದಪ್ಪ ಅಳೆಯಿರಿ: 8ರಿಂದ 12 ನ್ಯಾನೋಮೀಟರ್ ಇದ್ದರೆ ಅಮೈಲಾಯ್ಡ್, 20ರ ಆಸುಪಾಸು ಇದ್ದರೆ ಫೈಬ್ರಿಲರಿ ಎಂಬ ಇನ್ನೊಂದು ಕಾಯಿಲೆ.

ಐದನೇ ಹೆಜ್ಜೆ: ಗ್ಲೊಮೆರುಲಸ್ ಬಿಟ್ಟು ಉಳಿದದ್ದು

ಎಲ್ಲರ ಕಣ್ಣೂ ಗ್ಲೊಮೆರುಲಸ್ ಮೇಲೆ. ಹಾಗಾಗಿ ನಳಿಕೆ, ರಕ್ತನಾಳಗಳಲ್ಲಿ ಇರುವುದು ತಪ್ಪಿಹೋಗುತ್ತದೆ. ನಳಿಕೆಯ ಕೋಶ ಚಪ್ಪಟೆಯಾಗಿ, ಒಳಬದಿಯ ಬ್ರಶ್ ಉದುರಿದ್ದರೆ ಇತ್ತೀಚಿನ ಏಟು, ಸುಧಾರಿಸಬಹುದು. ನಡುವಿನ ಜಾಗದಲ್ಲಿ ಲಿಂಫೋಸೈಟ್, ಜೊತೆಗೆ ಇಯೋಸಿನೋಫಿಲ್ ಇದ್ದು, ನಳಿಕೆಯ ಗೋಡೆಯೊಳಗೂ ನುಗ್ಗಿದ್ದರೆ ಔಷಧಿಯ ಪಟ್ಟಿ ತರಿಸಿ ನೋಡಿ. ನೋವಿನ ಮಾತ್ರೆ, ಆಂಟಿಬಯಾಟಿಕ್, ಗ್ಯಾಸ್ಟ್ರಿಕ್‌ಗೆ ನುಂಗುವ ಮಾತ್ರೆ, ಮೂರೂ ಇದಕ್ಕೆ ಹೆಸರಾದವು. ನಳಿಕೆಯೊಳಗೆ ಒಡೆದ ಗಾಜಿನಂಥ ಬಿರುಕುಬಿಟ್ಟ ಕಾಸ್ಟ್ (ಗಟ್ಟಿಯಾದ ಅಚ್ಚು), ಅದನ್ನು ಸುತ್ತುವರಿದ ದೈತ್ಯಕೋಶಗಳು ಕಂಡರೆ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್ ಆದ ಮಯಲೋಮಾ ಬಗ್ಗೆ ಯೋಚಿಸಿ. ಪ್ರತಿ ಸ್ಲೈಡನ್ನೂ ಒಮ್ಮೆ ಪೋಲರೈಸರಿನಲ್ಲಿ ತಿರುಗಿಸಿ ನೋಡಿ, ಅರ್ಧ ನಿಮಿಷದ ಕೆಲಸ. ಆಕ್ಸಲೇಟ್ ಹರಳುಗಳು ಮಾಮೂಲಿ ಬೆಳಕಿನಲ್ಲಿ ಕಣ್ತಪ್ಪಿಸುತ್ತವೆ, ಪೋಲರೈಸರಿನಲ್ಲಿ ಪಟಾಕಿ ಹೊತ್ತಿಸಿದ ಹಾಗೆ ಮಿನುಗುತ್ತವೆ.

ಕಸಿ ಕಿಡ್ನಿಯಲ್ಲಿ ನಳಿಕೆಯ ನ್ಯೂಕ್ಲಿಯಸ್ ದೊಡ್ಡದಾಗಿ, ಮಸುಕು ಗಾಜಿನಂತಿದ್ದರೆ ಪಾಲಿಯೋಮಾ ವೈರಸ್ ತೋರಿಸುವ ಎಸ್‌ವಿ40 ಬಣ್ಣ ಹಾಕಿಸದೆ ಬಿಡಬೇಡಿ. ಪಾಲಿಯೋಮಾ ವೈರಸ್ ಸೋಂಕು, ಕಸಿ ತಿರಸ್ಕಾರ ಎರಡೂ ನೋಡಲು ಅಣ್ಣತಮ್ಮ. ಚಿಕಿತ್ಸೆ ಮಾತ್ರ ವಿರುದ್ಧ ದಿಕ್ಕು: ಒಂದಕ್ಕೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಕಮ್ಮಿ ಮಾಡಬೇಕು, ಇನ್ನೊಂದಕ್ಕೆ ಜಾಸ್ತಿ ಮಾಡಬೇಕು.

ಈಗ ಗೆಡ್ಡೆಗಳು: ಚಾಕುವಿನಿಂದ ಶುರು

ಕಿಡ್ನಿ ಗೆಡ್ಡೆಯ ಅರ್ಧ ಉತ್ತರ ಸ್ಲೈಡಿಗಿಂತ ಮೊದಲೇ, ಕೊಯ್ಯುವ ಹಲಗೆಯ ಮೇಲೆ ಸಿಗುತ್ತದೆ. ಕೊಯ್ದ ಮೇಲ್ಮೈ ಅರಿಶಿನದಂಥ ಹಳದಿ, ನಡುನಡುವೆ ರಕ್ತ ಇದ್ದರೆ ಕ್ಲಿಯರ್ ಸೆಲ್ ಕಾರ್ಸಿನೋಮ ಇರಬಹುದು. ಕಿಡ್ನಿ ಕ್ಯಾನ್ಸರುಗಳಲ್ಲಿ ನಾಲ್ಕಕ್ಕೆ ಮೂರು ಪಾಲಿನಷ್ಟು ಅದೇ. ಬೀಟೆ ಮರದಂಥ ಕಂದು, ನಡುವೆ ನಕ್ಷತ್ರದಂಥ ಬಿಳಿ ಕಲೆ ಇದ್ದರೆ ಆಂಕೋಸೈಟೋಮ ಇರಬಹುದು. ಪ್ಯಾಕಿಂಗಿನ ಗುಳ್ಳೆ ಪ್ಲಾಸ್ಟಿಕ್ಕಿನಂತೆ ಸಣ್ಣ ಸಣ್ಣ ಗುಳ್ಳೆ ಆದರೆ ಟ್ಯೂಬ್ಯುಲೋಸಿಸ್ಟಿಕ್. ಇವೆಲ್ಲ "ಇರಬಹುದು" ಅಷ್ಟೇ. ಬಣ್ಣ ನೋಡಿ ಮಾರುಹೋಗಬೇಡಿ.

ಗೆಡ್ಡೆಯ ಪ್ರತಿ ಸೆಂಟಿಮೀಟರಿಗೆ ಒಂದು ಬ್ಲಾಕ್ (ಸ್ಲೈಡಿಗಾಗಿ ಮೇಣದಲ್ಲಿ ಕೂರಿಸುವ ತುಂಡು) ಅನ್ನುವುದು ಒಳ್ಳೆಯ ಅಂದಾಜು. ಬೇರೆ ಬಣ್ಣದ ಜಾಗ, ಬಿಳಿ ಗಟ್ಟಿ ಜಾಗ ಕಂಡರೆ ಅದರಿಂದ ಜಾಸ್ತಿ ತೆಗೆಯಿರಿ. ಎಲ್ಲಕ್ಕಿಂತ ಮುಖ್ಯ, ಸೈನಸ್, ಅಂದರೆ ಕಿಡ್ನಿಯ ನಡುವಿನ ಕೊಬ್ಬು ತುಂಬಿದ ಪೊಳ್ಳು. ಕಿಡ್ನಿಯ ಹೊರಮೈಗೆ ಕ್ಯಾಪ್ಸೂಲ್ ಇದೆ, ಒಳಗಡೆ ಸೈನಸ್ ಕೊಬ್ಬಿನ ಕಡೆಗೆ ಅಂಥ ತಡೆಗೋಡೆ ಇಲ್ಲ. ಗೆಡ್ಡೆ ಕಳ್ಳನಂತೆ ನುಸುಳುವುದು ಅಲ್ಲಿಂದಲೇ. ಸೈನಸ್ ಕೊಬ್ಬಿಗೆ ಹೋದರೆ ಕ್ಯಾನ್ಸರಿನ ಹಂತ ಪಿಟಿ3ಎ (ಕಿಡ್ನಿಯ ಎಲ್ಲೆ ದಾಟಿದ್ದು) ಆಗುತ್ತದೆ. 7 ಸೆಂ.ಮೀ ದಾಟಿದ ಕ್ಲಿಯರ್ ಸೆಲ್ ಗೆಡ್ಡೆ ಸೈನಸ್ ಮುಟ್ಟಿಲ್ಲ ಅಂತ ಬರೆಯುವ ಮುಂಚೆ ಎದ್ದು ಹೋಗಿ ಮತ್ತೊಮ್ಮೆ ಕೊಯ್ದು ನೋಡಿ.

ಸ್ಲೈಡಿನಲ್ಲಿ ಮತ್ತೆ ಕಡಿಮೆ ಪವರ್ ಮೊದಲು. ಆಮೇಲೆ ಒಂದೇ ಪ್ರಶ್ನೆ: ಕೋಶದ ಹೊಟ್ಟೆ ಖಾಲಿಯೋ, ಗುಲಾಬಿಯೋ? ಖಾಲಿ ಕಾಣುವುದಕ್ಕೆ ಕಾರಣ, ಒಳಗಿದ್ದ ಕೊಬ್ಬು, ಗ್ಲೈಕೋಜನ್ ಸ್ಲೈಡ್ ತಯಾರಿಯಲ್ಲಿ ಕರಗಿಹೋಗಿರುತ್ತವೆ.

ಖಾಲಿ ಹೊಟ್ಟೆ, ಸುತ್ತ ಬಲೆಯಂತೆ ಹೆಣೆದ ತೆಳು ರಕ್ತನಾಳ ಇದ್ದರೆ ಮಾಮೂಲಿ ಕ್ಲಿಯರ್ ಸೆಲ್. ಅದೇ ಖಾಲಿ ಕೋಶ, ಆದರೆ ನ್ಯೂಕ್ಲಿಯಸ್‌ಗಳೆಲ್ಲ ಬುಡ ಬಿಟ್ಟು ಮೇಲೆದ್ದು ಸಾಲಾಗಿ ನಿಂತಿದ್ದರೆ ಕ್ಲಿಯರ್ ಸೆಲ್ ಪ್ಯಾಪಿಲರಿ ಗೆಡ್ಡೆಯ ಸಂಶಯ ಪಡಿ. ಕೋಶದ ಪ್ರೋಟೀನ್ ತೋರಿಸುವ ವಿಶೇಷ ಬಣ್ಣಗಳಲ್ಲಿ ಸಿಕೆ7 ಎಲ್ಲ ಕಡೆ ಹಿಡಿಯುತ್ತದೆ, ಸಿಎ9 ಬಟ್ಟಲಿನಂತೆ ಬದಿ ಮತ್ತು ತಳದಲ್ಲಿ ಹಿಡಿದು ಮೇಲ್ತುದಿ ಬಿಡುತ್ತದೆ. 2022ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಇದರ ಹೆಸರಿನಿಂದ "ಕಾರ್ಸಿನೋಮ" ಅನ್ನುವ ಪದವನ್ನೇ ತೆಗೆದುಹಾಕಿತು, ಅಷ್ಟು ಸಾಧು. ರಿಪೋರ್ಟಿನಲ್ಲಿ ಆ ಒಂದು ಪದ ಇರುವುದು, ಇಲ್ಲದಿರುವುದು ಮನೆಯವರ ನಿದ್ದೆಗೆ ಎಷ್ಟು ವ್ಯತ್ಯಾಸ ಮಾಡುತ್ತದೆ ಅಲ್ವಾ?

ಗುಲಾಬಿ ಹೊಟ್ಟೆಯ ಕೋಶಗಳಲ್ಲಿ ಮಾಮೂಲಿ ಜಗಳ ಆಂಕೋಸೈಟೋಮ ಮತ್ತು ಕ್ರೋಮೋಫೋಬ್ ನಡುವೆ. ಮೊದಲನೆಯದು ಸಾಧು, ಎರಡನೆಯದು ಕ್ಯಾನ್ಸರ್. ನ್ಯೂಕ್ಲಿಯಸ್ ದುಂಡಗೆ, ಕೋಶಗಳು ನೀರಿನಲ್ಲಿ ದ್ವೀಪಗಳಂತೆ ಗುಂಪುಗುಂಪಾಗಿ, ಸಿಕೆ7 ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಮಾತ್ರ ಇದ್ದರೆ ಆಂಕೋಸೈಟೋಮ. ನ್ಯೂಕ್ಲಿಯಸ್ ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿ, ಸುತ್ತ ಬಿಳಿ ವಲಯ, ಗಿಡದ ಕೋಶದಂತೆ ಗಡುಸು ಅಂಚು, ಸಿಕೆ7 ಧಾರಾಳ ಇದ್ದರೆ ಕ್ರೋಮೋಫೋಬ್. ನ್ಯೂಕ್ಲಿಯೋಲಸ್ (ನ್ಯೂಕ್ಲಿಯಸ್ ಒಳಗಿನ ಚುಕ್ಕೆ) ನೋಡಿ ಗ್ರೇಡ್ ಕೊಡುವ ಪದ್ಧತಿ ಕ್ಲಿಯರ್ ಸೆಲ್, ಪ್ಯಾಪಿಲರಿಗೆ ಇದೆ. ಕ್ರೋಮೋಫೋಬ್‌ಗೆ ಅದನ್ನು ಕೊಡಬೇಡಿ.

ಅಪರೂಪದ್ದು ಅಂತ ಯಾವಾಗ ಕಿವಿ ನಿಮಿರಬೇಕು

ಅಪರೂಪದ ಗೆಡ್ಡೆಗಳ ಪಟ್ಟಿ ಬಾಯಿಪಾಠ ಮಾಡುವುದರಿಂದ ಏನೂ ಆಗದು. ಯಾವ ಸದ್ದಿಗೆ ನಿಲ್ಲಬೇಕು ಅಂತ ಗೊತ್ತಿದ್ದರೆ ಸಾಕು.

ಮೊದಲ ಸದ್ದು, ವಯಸ್ಸು. ಮಕ್ಕಳಲ್ಲಿ, ಹದಿಹರೆಯದವರಲ್ಲಿ, ಇಪ್ಪತ್ತು ಮೂವತ್ತರವರಲ್ಲಿ ಕಿಡ್ನಿ ಕಾರ್ಸಿನೋಮ ಕಂಡರೆ ಮಾಮೂಲಿ ಹೆಸರು ಬರೆಯಲು ಅವಸರ ಬೇಡ. ಪ್ಯಾಪಿಲ್ಲಾಗಳ, ಅಂದರೆ ಬೆರಳಿನಂಥ ಚಾಚುಗಳ, ಮೇಲೆ ದೊಡ್ಡ ಹೊಟ್ಟೆಯ ಖಾಲಿ ಕೋಶ, ಜೊತೆಗೆ ಸುಣ್ಣದ ಉಂಡೆಗಳಿದ್ದರೆ ಟಿಎಫ್‌ಇ3 ಜೀನ್ ಜಾಗ ಬದಲಿಸಿದೆಯೇ ಪರೀಕ್ಷಿಸಿ. ಯುವಕರಲ್ಲಿ, ಕಿಡ್ನಿಯ ನಟ್ಟನಡುವೆ, ಅಂಚಿಲ್ಲದೆ ಹರಡಿದ ಗೆಡ್ಡೆ, ಸುತ್ತ ನ್ಯೂಟ್ರೋಫಿಲ್, ರಕ್ತನಾಳದಲ್ಲಿ ಕುಡುಗೋಲಿನಂತೆ ಬಾಗಿದ ಕೆಂಪು ಕಣ ಇದ್ದರೆ ಅದು ಮೆಡುಲ್ಲರಿ ಕಾರ್ಸಿನೋಮ. ಸಿಕಲ್ ಸೆಲ್ ಗುಣ ಹೊತ್ತವರಲ್ಲಿ ಬರುತ್ತದೆ, ಬಲ ಕಿಡ್ನಿಯಲ್ಲಿ ಜಾಸ್ತಿ. ಐಎನ್‌ಐ1 ಬಣ್ಣ ಮಾಯವಾಗಿರುತ್ತದೆ. ತುಂಬ ಉಗ್ರ ಸ್ವಭಾವದ್ದು.

ಎರಡನೇ ಸದ್ದು, ನ್ಯೂಕ್ಲಿಯೋಲಸ್. ಪ್ಯಾಪಿಲರಿಯಂತೆ ಕಾಣುವ ಗೆಡ್ಡೆಯಲ್ಲಿ ಕೆಂಪು ಕುಂಕುಮದ ಬೊಟ್ಟಿನಂಥ ದೊಡ್ಡ ನ್ಯೂಕ್ಲಿಯೋಲಸ್, ಸುತ್ತ ಬಿಳಿ ಉಂಗುರ ಕಂಡರೆ ಅಲ್ಲೇ ನಿಲ್ಲಿ. ಎಫ್‌ಎಚ್ ಎಂಬ ಕಿಣ್ವದ ಕೊರತೆಯ ಕಾರ್ಸಿನೋಮ ಇರಬಹುದು. ಎಫ್‌ಎಚ್ ಬಣ್ಣ ಗೆಡ್ಡೆಯಲ್ಲಿ ಹೋಗಿ, ಪಕ್ಕದ ರಕ್ತನಾಳದಲ್ಲಿ ಉಳಿದಿದೆಯೇ ನೋಡಿ. ರಕ್ತನಾಳದಲ್ಲೂ ಇಲ್ಲ ಅಂದರೆ ಸ್ಟೇನ್ ಕೆಟ್ಟಿದೆ ಅಂತ ಅರ್ಥ, ಮತ್ತೆ ಹಾಕಿಸಿ. ಬಣ್ಣ ಉಳಿದಿದೆ ಅಂದಮಾತ್ರಕ್ಕೂ ನಿರಾಳ ಬೇಡ, ಕೆಲವರಲ್ಲಿ ಕೆಲಸ ಮಾಡದ ಪ್ರೋಟೀನ್ ಹಾಗೇ ಉಳಿದಿರುತ್ತದೆ. ಎಫ್‌ಎಚ್ ಕೆಲಸ ಮಾಡದಿದ್ದಾಗ ಪಾಸಿಟಿವ್ ಬರುವ 2ಎಸ್‌ಸಿ ಬಣ್ಣ ಆಗ ಕೈಹಿಡಿಯುತ್ತದೆ. ಈ ಗೆಡ್ಡೆ ಸಣ್ಣದಿದ್ದಾಗಲೇ ಹರಡಬಲ್ಲದು. ಅನೇಕ ಸಲ ವಂಶದಲ್ಲೂ ಹರಿಯುತ್ತದೆ: ಅಮ್ಮನಿಗೋ ಅಕ್ಕನಿಗೋ ಚಿಕ್ಕ ವಯಸ್ಸಿನಲ್ಲೇ ಫೈಬ್ರಾಯ್ಡ್ ಅಂತ ಗರ್ಭಕೋಶ ತೆಗೆದಿರುತ್ತಾರೆ, ಚರ್ಮದ ಮೇಲೆ ನೋಯುವ ಗಂಟುಗಳಿರುತ್ತವೆ. "ಜೆನೆಟಿಕ್ ಸಲಹೆ ಬೇಕು" ಅನ್ನುವ ಒಂದು ಸಾಲು ರಿಪೋರ್ಟಿನಲ್ಲಿ ಇರಲೇಬೇಕು.

ಮೂರನೆಯದು, ರೋಗಿಯ ಕಥೆ. ಯುವತಿಗೆ ಯಾವ ಮಾತ್ರೆಗೂ ಬಗ್ಗದ ಬಿ.ಪಿ., ಪೊಟ್ಯಾಸಿಯಂ ಕಮ್ಮಿ, ಕಿಡ್ನಿಯಲ್ಲಿ ಸಣ್ಣ ಗಂಟು. ಇದು ಬಿ.ಪಿ. ಏರಿಸುವ ರೆನಿನ್ ಸುರಿಸುವ ಜಕ್ಸ್ಟಾಗ್ಲೊಮೆರುಲರ್ ಕೋಶದ ಗೆಡ್ಡೆ ಇರಬಹುದು. 1967ರಲ್ಲಿ ಮೊದಲು ವರದಿಯಾದದ್ದು. ಇ.ಎಂ.ನಲ್ಲಿ ವಜ್ರಾಕೃತಿಯ ಹರಳುಗಳು ಕಾಣುತ್ತವೆ, ಗೆಡ್ಡೆ ತೆಗೆದ ಮೇಲೆ ಬಿ.ಪಿ. ಇಳಿಯುತ್ತದೆ. ರಕ್ತದಲ್ಲಿ ಹಿಮೋಗ್ಲೋಬಿನ್ ವಿನಾಕಾರಣ ಏರಿದ್ದು, ಸ್ಲೈಡಿನಲ್ಲಿ ಒತ್ತೊತ್ತಾದ ಸಣ್ಣ ನೀಲಿ ಕೋಶ, ಒಂದೂ ವಿಭಜನೆ ಆಗುತ್ತಿಲ್ಲ ಅಂದರೆ ಮೆಟಾನೆಫ್ರಿಕ್ ಅಡಿನೋಮ ನೆನಪಿರಲಿ. ಡಬ್ಲ್ಯುಟಿ1 ಹಿಡಿಯುತ್ತದೆ, ಬಿಆರ್‌ಎಎಫ್ ವಿ600ಇ ಬದಲಾವಣೆ ಹೆಚ್ಚಿನವುಗಳಲ್ಲಿ ಸಿಗುತ್ತದೆ. ಸಾಧು ಗೆಡ್ಡೆ, ಆದರೆ ಮಕ್ಕಳ ಕಿಡ್ನಿ ಕ್ಯಾನ್ಸರ್ ಆದ ವಿಲ್ಮ್ಸ್ ಅಂತ ತಪ್ಪು ತಿಳಿದರೆ ಬೇಡದ ಕೀಮೋ ಹೋದೀತು. ವರ್ಷಗಟ್ಟಲೆ ಡಯಾಲಿಸಿಸ್ ಮೇಲಿದ್ದವರ ಗೆಡ್ಡೆಯಲ್ಲಿ ಜರಡಿಯಂಥ ತೂತು, ಒಳಗೆ ಆಕ್ಸಲೇಟ್ ಹರಳು ಕಂಡರೆ, ಆ ಕಿಡ್ನಿಗಳಲ್ಲಿ ಮಾತ್ರ ಹುಟ್ಟುವ ಕಾರ್ಸಿನೋಮ ಒಂದಿದೆ, ಅದು. ಪೋಲರೈಸರ್ ಇಲ್ಲೂ ಬೇಕಾಯಿತು ನೋಡಿ.

ಗೆಡ್ಡೆಯೇ ಅಲ್ಲದ ಗೆಡ್ಡೆಯೂ ಇದೆ. ಹಳದಿ ಮುದ್ದೆ, ಸ್ಕ್ಯಾನಿನಲ್ಲಿ ಕ್ಯಾನ್ಸರ್ ಅಂದಿದ್ದಾರೆ, ಸ್ಲೈಡಿನಲ್ಲಿ ನೊರೆ ತುಂಬಿದ ಖಾಲಿ ಕೋಶ. ಕ್ಲಿಯರ್ ಸೆಲ್ ಅಂತ ಬರೆಯಲು ಕೈ ಹೋಗುತ್ತದೆ. ಕಿಡ್ನಿ ಕೋಶ ತೋರಿಸುವ ಪ್ಯಾಕ್ಸ್8, ಮ್ಯಾಕ್ರೋಫೇಜ್ ಎಂಬ ಕಸ ನುಂಗುವ ಕೋಶ ತೋರಿಸುವ ಸಿಡಿ68 ಎರಡೂ ಹಾಕಿಸಿ. ಸಿಡಿ68 ಹಿಡಿದು ಪ್ಯಾಕ್ಸ್8 ಬಿಟ್ಟರೆ ಅವು ಕೊಬ್ಬು ನುಂಗಿದ ಮ್ಯಾಕ್ರೋಫೇಜ್‌ಗಳು. ಕಲ್ಲು ಕಟ್ಟಿಕೊಂಡು, ಸೋಂಕು ಹಳೆಯದಾಗಿ ಬರುವ ಕ್ಸಾಂತೋಗ್ರಾನ್ಯುಲೋಮ ಅದು.

ಕೊನೆಯ ಬ್ಲಾಕ್: ಗೆಡ್ಡೆಯಿಂದ ದೂರದ ಕಿಡ್ನಿ

ಗೆಡ್ಡೆಗಾಗಿ ಕಿಡ್ನಿ ತೆಗೆದಾಗ ಎಲ್ಲರೂ ಗೆಡ್ಡೆಯನ್ನೇ ನೋಡುತ್ತಾರೆ. ಅದೇ ಕಿಡ್ನಿಯ ಗೆಡ್ಡೆಯಿಲ್ಲದ ಭಾಗಕ್ಕೆ "ಗಮನಾರ್ಹ ಬದಲಾವಣೆ ಇಲ್ಲ" ಅಂತ ಒಂದು ಸಾಲು ಬೀಳುತ್ತದೆ, ಬಹಳಷ್ಟು ಸಲ ನೋಡದೆಯೇ. ಈ ವ್ಯಕ್ತಿ ಇನ್ನು ಮೇಲೆ ಒಂದೇ ಕಿಡ್ನಿಯಲ್ಲಿ ಬದುಕಬೇಕು. ದೇಹದಲ್ಲಿ ಉಳಿದ ಆ ಕಿಡ್ನಿ ಹೇಗಿರಬಹುದು ಅಂತ ತಿಳಿಯಲು, ಸೂಜಿಯನ್ನೂ ಚುಚ್ಚದೆ ಇಷ್ಟು ದೊಡ್ಡ ತುಂಡು ಇನ್ನೆಂದೂ ಸಿಗದು.

ಗೆಡ್ಡೆಗೆ ಅಂಟಿದ ಕಡೆಯಿಂದ ಬ್ಲಾಕ್ ತೆಗೆಯಬೇಡಿ, ಒತ್ತಡಕ್ಕೆ ಅಲ್ಲಿ ಎಲ್ಲವೂ ಅಪ್ಪಚ್ಚಿಯಾಗಿರುತ್ತದೆ. ಸಾಧ್ಯವಾದಷ್ಟು ದೂರದ ಕಾರ್ಟೆಕ್ಸಿನಿಂದ ಒಂದು ತೆಗೆದು, ತೆಳ್ಳಗೆ ಕೊಯ್ದು, ಪಿಎಎಸ್ ಮತ್ತು ಸಿಲ್ವರ್ ಹಾಕಿಸಿ. ಮೇಲೆ ಹೇಳಿದ ಹೆಜ್ಜೆಗಳನ್ನೇ ಮತ್ತೆ ಇಡಿ: 4ರ ಲೆನ್ಸ್, ಎಣಿಕೆ, ಗಂಟು, ಗೋಡೆ, ನಳಿಕೆ, ರಕ್ತನಾಳ. ಡಯಾಬಿಟಿಸ್ ಗಂಟು, ಬಿ.ಪಿ.ಯಿಂದ ದಪ್ಪಗಾದ ರಕ್ತನಾಳ, ಅಪರೂಪಕ್ಕೆ ಅಮೈಲಾಯ್ಡ್ ಕೂಡ ಇಲ್ಲಿ ಸಿಗುತ್ತದೆ. ಸಿಕ್ಕದ್ದನ್ನು ಗೆಡ್ಡೆಯ ವಿವರದ ಅಡಿಯಲ್ಲಿ ಹೂತುಹಾಕದೆ ಬೇರೆ ತಲೆಬರಹದಡಿ ಬರೆಯಿರಿ, ಕಿಡ್ನಿ ತಜ್ಞರಿಗೆ ಒಂದು ಪ್ರತಿ ಹೋಗಲಿ ಅಂತಲೂ ಸೇರಿಸಿ.